ನಲವತ್ತಮೂರು ಹಲ್ಲಿನ ಚಕ್ರ

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳಲ್ಲಿ ಕಡಲಿಗೂ ಸಹ್ಯಾದ್ರಿಗೂ ನಡುವೆ ಉಳಿದಿರುವ ಸಪಾಟು ನೆಲ ಬಹಳ ಕಿರಿದು. ಆ ಕಿರಿದಾದ ಪಟ್ಟಿಯೊಳಗೇ ಪೇಟೆ, ಗದ್ದೆ, ಹೆದ್ದಾರಿ, 1998ರಲ್ಲಿ ಪೂರ್ತಿಯಾದ ಕೊಂಕಣ ರೈಲು ಮಾರ್ಗ ಎಲ್ಲವೂ ಒತ್ತಿಕೊಂಡು ಕುಳಿತಿವೆ. ಪೂರ್ವಕ್ಕೆ ಮುಖ ಮಾಡಿದರೆ ಸಾಕು, ಏರು ಎದುರಾಗುತ್ತದೆ. ಭಟ್ಕಳದವರಿಗೆ ಕೋಗಾರು ಘಟ್ಟ, ಹೊನ್ನಾವರದವರಿಗೆ ಗೇರುಸೊಪ್ಪೆಯ ಆಚೆಯ ಮಾಲೆಮನೆ ಘಟ್ಟ, ಕುಮಟಾದವರಿಗೆ ದೇವಿಮನೆ ಘಟ್ಟ. ಇವೆಲ್ಲ ಡಾಂಬರು ಕಂಡ ದಾರಿಗಳು. ಆದರೆ ಇವುಗಳಿಂದ ಕವಲೊಡೆದು ಅಡಿಕೆ ತೋಟಗಳಿಗೆ ಇಳಿಯುವ ಮಣ್ಣಿನ ದಾರಿಗಳ ಕಥೆಯೇ ಬೇರೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನೆಲದಲ್ಲಿ ಮಣ್ಣಿನ ದಾರಿಯೆಂದರೆ ನಾಲ್ಕು ತಿಂಗಳು ಹಳ್ಳ, ಎಂಟು ತಿಂಗಳು ದಾರಿ.

ಇಂತಹ ದಾರಿಗಳಿಗೆ ನಮ್ಮ ಕಡೆಯವರು ಕಂಡುಕೊಂಡ ಉತ್ತರ ಜೀಪು. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕೆಯಲ್ಲಿ ಹುಟ್ಟಿದ ಈ ವಾಹನವನ್ನು ಸ್ವಾತಂತ್ರ್ಯ ಬಂದ ಕಾಲದಲ್ಲಿಯೇ ಮಹೀಂದ್ರ ಕಂಪನಿಯವರು ಭಾರತದಲ್ಲಿ ಜೋಡಿಸತೊಡಗಿದರು. ವಿಲ್ಲಿಸ್ ಕಂಪನಿಯು 1953ರಲ್ಲಿ ಹೊರತಂದ ಸಿಜೆ-3ಬಿ ಎಂಬ ಎತ್ತರದ ಮೂತಿಯ ಮಾದರಿ ಅಮೆರಿಕೆಯಲ್ಲಿ 1968ಕ್ಕೆ ನಿಂತುಹೋಯಿತು. ನಮ್ಮ ದೇಶದಲ್ಲಿ ಅದರ ಸಂತತಿ ಆಮೇಲೂ ದಶಕಗಳ ಕಾಲ ಮುಂದುವರಿಯಿತು. ಅಡಿಕೆ ಮೂಟೆ, ಸೊಪ್ಪಿನ ಹೊರೆ, ಹಾಲಿನ ಕ್ಯಾನು, ಮದುವೆಯ ದಿಬ್ಬಣ, ಚುನಾವಣೆಯ ಮತಪೆಟ್ಟಿಗೆ ಎಲ್ಲವನ್ನೂ ಅದು ಹೊತ್ತಿದೆ.

ಗೇರುಸೊಪ್ಪೆಯ ಒಳಭಾಗದಲ್ಲಿ ತೋಟ ಮಾಡಿಕೊಂಡಿರುವ ನನ್ನ ಭಾವನ ಮನೆಯಲ್ಲಿಯೂ ಇಂಥದೊಂದು ಜೀಪಿದೆ. ಅವರ ತಂದೆಯವರು ಕೊಂಡದ್ದು. ಡಾಂಬರು ಮುಗಿದ ಮೇಲೆ ಆ ಮನೆಗೆ ಎರಡು ಹಳ್ಳ, ಒಂದು ಕಡಿದಾದ ಚಿರೆಕಲ್ಲಿನ ಏರು. 2008ರಲ್ಲಿ ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಆರಂಭವಾದದ್ದು ದೊಡ್ಡ ಉಪಕಾರವೇ ಸರಿ. ಆದರೆ ಮಳೆಗಾಲದಲ್ಲಿ ಆ ಗಾಡಿ ಡಾಂಬರಿನ ತುದಿಯಲ್ಲಿ ನಿಲ್ಲುತ್ತದೆ. ಅಲ್ಲಿಯವರೆಗೆ ರೋಗಿಯನ್ನು ತಲುಪಿಸುವುದು ಭಾವನ ಜೀಪಿನ ಕೆಲಸ. ಒಂದು ಆಷಾಢದ ರಾತ್ರಿ ಪಕ್ಕದ ಮನೆಯ ಸೊಸೆಯನ್ನು ಹೆರಿಗೆ ನೋವಿನಲ್ಲಿ ಕರೆದೊಯ್ದದ್ದೂ ಅದೇ ಜೀಪಿನಲ್ಲಿ. ಮಗು ಈಗ ಅಂಗನವಾಡಿಗೆ ಹೋಗುತ್ತಿದೆ.

ಕಳೆದ ಬೇಸಿಗೆಯಲ್ಲಿ ಈ ಜೀಪಿನ ವಿಷಯವಾಗಿ ತಂದೆಗೂ ಮಗನಿಗೂ ಮಾತು ನಿಂತುಹೋಗುವ ಹಂತ ಬಂದಿತ್ತು. ಅಳಿಯ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ರಜೆಗೆ ಬಂದವನು ಜೀಪಿಗೆ 31 ಇಂಚಿನ ಟಯರು, ಅದಕ್ಕೆ ಹೊಂದುವ ಹೊಸ ಗೇರು, ಹಿಂದಿನ ಅಚ್ಚಿಗೆ ಎರಕದ ದಪ್ಪ ಮುಚ್ಚಳ ಹಾಕಿಸಬೇಕೆಂದು ಹೊರಟ. ಖರ್ಚು ತನ್ನದೇ ಎಂದ. ಭಾವನಿಗೆ ಸಿಟ್ಟು ಬಂತು. "ಅದು ಆಟದ ಗಾಡಿಯಲ್ಲ. ಮಳೆಗಾಲದ ಬಾಗಿಲಲ್ಲಿ ಬಿಚ್ಚಿಹಾಕಿ ನೀನು ಬೆಂಗಳೂರಿಗೆ ಹೋದರೆ ಇಲ್ಲಿಯ ನಾಲ್ಕು ಮನೆಯವರು ಏನು ಮಾಡಬೇಕು?" ಎಂದರು. ಕೊನೆಗೆ ನನ್ನ ಕಡೆ ತಿರುಗಿ, "ಭಾವ, ಗಣಿತದ ಮಾಸ್ತರು ನೀನು. ಲೆಕ್ಕ ಹಾಕಿ ಹೇಳು ಮಾರಾಯ" ಎಂದರು. ಅಳಿಯನೂ, "ಮಾವ ಹೇಳಿದ ಹಾಗೆ ಆಗಲಿ" ಎಂದ.

ಲೆಕ್ಕಕ್ಕೆ ಮೊದಲು ಆ ಯಂತ್ರದ ತತ್ತ್ವವನ್ನು ಎರಡು ಮಾತಿನಲ್ಲಿ ಹೇಳಬೇಕು. ಶಾಲೆಯ ಕವಾಯತಿನಲ್ಲಿ ಮಕ್ಕಳು ಒಂದೇ ಸಾಲಿನಲ್ಲಿ ತಿರುಗುವಾಗ ಒಳತುದಿಯವನು ನಿಂತಲ್ಲೇ ಹೆಜ್ಜೆ ಹಾಕುತ್ತಾನೆ, ಹೊರತುದಿಯವನು ಓಡಬೇಕಾಗುತ್ತದೆ. ವಾಹನದ ಚಕ್ರಗಳ ಪಾಡೂ ಅದೇ. ಎತ್ತಿನ ಗಾಡಿಗೆ ಈ ತೊಂದರೆಯಿಲ್ಲ. ಅದರ ಎರಡು ಚಕ್ರಗಳೂ ಅಚ್ಚಿನ ಮೇಲೆ ಬೇರೆಬೇರೆಯಾಗಿ ತಿರುಗುತ್ತವೆ, ಎಳೆಯುವುದು ಎತ್ತು. ಯಂತ್ರವೇ ಚಕ್ರವನ್ನು ತಿರುಗಿಸಬೇಕಾದಾಗ ಎರಡಕ್ಕೂ ಬಲ ಕೊಟ್ಟು, ವೇಗವನ್ನು ಮಾತ್ರ ಅವುಗಳ ಇಚ್ಛೆಗೆ ಬಿಡುವ ಉಪಾಯ ಬೇಕು. ಅದೇ ಡಿಫರೆನ್ಶಿಯಲ್. 1820ರ ದಶಕದಲ್ಲಿ ಫ್ರಾನ್ಸಿನ ಗಡಿಯಾರ ತಯಾರಕ ಪೆಕರ್ ಎಂಬಾತ ಇದಕ್ಕೆ ಪೇಟೆಂಟ್ ಪಡೆದ. ಜೀಪಿನ ಅಚ್ಚಿನ ನಡುವೆ ಗಡಿಗೆಯಂತೆ ಉಬ್ಬಿರುವ ಭಾಗದೊಳಗೆ ಅದರ ವಾಸ.

ಅಲ್ಲಿಯೇ ಕ್ರೌನ್ ಮತ್ತು ಪಿನಿಯನ್ ಎಂಬ ಜೋಡಿ ಚಕ್ರಗಳೂ ಇವೆ. ಭಾವನ ಜೀಪಿನಲ್ಲಿ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8 ಹಲ್ಲು. ಅಂದರೆ ಪಿನಿಯನ್ 5.375 ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು. ಪುಸ್ತಕಗಳಲ್ಲಿ ಇದನ್ನು 5.38 ಎಂದು ಬರೆಯುತ್ತಾರೆ. ಯುದ್ಧಕಾಲದ ಜೀಪಿನಲ್ಲಿ ಇದು 39ಕ್ಕೆ 8, ಅಂದರೆ 4.88 ಇತ್ತು. ಈ ಸಂಖ್ಯೆಗಳನ್ನು ಗಮನಿಸಿ: 43ಕ್ಕೂ 8ಕ್ಕೂ ಒಂದನ್ನು ಬಿಟ್ಟರೆ ಸಾಮಾನ್ಯ ಅಪವರ್ತನವಿಲ್ಲ. ಅವುಗಳ ಲ.ಸಾ.ಅ. 344. ಆದ್ದರಿಂದ ಪಿನಿಯನ್ನಿನ ಒಂದು ಹಲ್ಲು ಕ್ರೌನಿನ ಅದೇ ಹಲ್ಲನ್ನು ಮತ್ತೆ ಭೇಟಿಯಾಗುವ ಮೊದಲು ಉಳಿದ 42 ಹಲ್ಲುಗಳನ್ನೂ ಮುಟ್ಟಿ ಬರುತ್ತದೆ. ಸವೆತ ಎಲ್ಲ ಹಲ್ಲುಗಳಿಗೂ ಸಮನಾಗಿ ಹಂಚಿಹೋಗುತ್ತದೆ. ಲ.ಸಾ.ಅ.ದಿಂದ ಏನು ಪ್ರಯೋಜನ ಎಂದು ಕೇಳುತ್ತಿದ್ದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಈಗ ಟಯರಿನ ಮಾತು. ಹಳೆಯ ಟಯರಿನ ವ್ಯಾಸ ಸುಮಾರು 28 ಇಂಚು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅಂತಹ ಗಾಲಿ ನಿಮಿಷಕ್ಕೆ ಸುಮಾರು 448 ಸುತ್ತು ತಿರುಗುತ್ತದೆ; ಟಾಪ್ ಗೇರಿನಲ್ಲಿ ಎಂಜಿನ್ನು ಸುಮಾರು 2,400 ಸುತ್ತು. ಟಯರನ್ನು 31 ಇಂಚಿಗೆ ಏರಿಸಿದರೆ ಅದೇ ವೇಗಕ್ಕೆ ಎಂಜಿನ್ನು 2,170 ಸುತ್ತು ತಿರುಗಿದರೆ ಸಾಕು. ಕೇಳಲು ಲಾಭವೆನಿಸುತ್ತದೆ. ಆದರೆ ಏರಿನಲ್ಲಿ ನೆಲವನ್ನು ನೂಕುವ ಬಲವೂ ಶೇಕಡಾ 10ರಷ್ಟು ಕುಗ್ಗುತ್ತದೆ. ಅದನ್ನು ತುಂಬಿಕೊಳ್ಳಲು ಗೇರಿನ ಪ್ರಮಾಣ 6ರ ಸಮೀಪಕ್ಕೆ ಹೋಗಬೇಕು. ಅಷ್ಟು ಪ್ರಮಾಣಕ್ಕೆ ಪಿನಿಯನ್ ಇನ್ನೂ ಚಿಕ್ಕದಾಗಬೇಕು; ಚಿಕ್ಕ ಪಿನಿಯನ್ ದೊಡ್ಡದರಷ್ಟು ಗಟ್ಟಿಯಲ್ಲ. ಇಷ್ಟೆಲ್ಲ ಮಾಡಿ ಅಚ್ಚು ನೆಲದಿಂದ ಮೇಲೇರುವುದು ಒಂದೂವರೆ ಇಂಚು ಮಾತ್ರ. ಜೊತೆಗೆ, ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿದೆ.

ಇನ್ನೊಂದು ಮುಖ್ಯ ಸಂಗತಿಯನ್ನು ನನಗೆ ತಿಳಿಸಿದವನು ಕುಮಟಾದಲ್ಲಿ ಗ್ಯಾರೇಜು ನಡೆಸುವ ನನ್ನ ಹಳೆಯ ವಿದ್ಯಾರ್ಥಿ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವನು. "ಸರ್, ಗೇರು ಬದಲಿಸುವುದಾದರೆ ಮುಂದಿನ ಅಚ್ಚು, ಹಿಂದಿನ ಅಚ್ಚು ಎರಡಕ್ಕೂ ಒಂದೇ ಪ್ರಮಾಣ ಇರಬೇಕು" ಎಂದ. ಹಿಂದಕ್ಕೆ ಮಾತ್ರ 4.88 ಹಾಕಿ ಮುಂದೆ 5.38 ಉಳಿಸಿದರೆ ಹಿಂದಿನ ಗಾಲಿ 100 ಸುತ್ತು ತಿರುಗುವಾಗ ಮುಂದಿನದು 91 ಸುತ್ತು ತಿರುಗಲು ನೋಡುತ್ತದೆ. ಎರಡು ಗಾಲಿಯ ಓಟದಲ್ಲಿ ಇದು ಗೊತ್ತಾಗದು. ನಾಲ್ಕೂ ಗಾಲಿಗಳಿಗೆ ಬಲ ಕೊಟ್ಟೊಡನೆ ಅಚ್ಚುಗಳು ಒಂದನ್ನೊಂದು ಎಳೆದಾಡುತ್ತವೆ. ಗಟ್ಟಿ ನೆಲದಲ್ಲಾದರೆ ಯಾವುದಾದರೊಂದು ಗೇರು ಮುರಿಯಲೇಬೇಕು. ಹಾಗೆ ಮುರಿದ ಚಕ್ರವೊಂದನ್ನು ಆತ ನನ್ನ ಕೈಗಿತ್ತ. ಮೂರು ಹಲ್ಲು ಬುಡಸಮೇತ ಹೋಗಿದ್ದವು.

ಜೀಪನ್ನು ಅವನ ಗ್ಯಾರೇಜಿಗೆ ತಂದು ಹಿಂದಿನ ಅಚ್ಚಿನ ಮುಚ್ಚಳ ಬಿಚ್ಚಿಸಿದೆವು. ಹತ್ತು ಬೋಲ್ಟುಗಳ ತಗಡಿನ ಮುಚ್ಚಳ. ಕಲ್ಲಿಗೆ ತಾಗಿ ಕೆಳಭಾಗ ಒಳಕ್ಕೆ ನೆಗ್ಗಿತ್ತು. ಇನ್ನೂ ಸ್ವಲ್ಪ ನೆಗ್ಗಿದ್ದರೆ ತಿರುಗುವ ಕ್ರೌನಿಗೆ ಮುಟ್ಟುತ್ತಿತ್ತು. ಒಳಗಿನ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಕ್ರೌನಿನ ಹಲ್ಲುಗಳ ಮೇಲೆ ಸಿಡುಬಿನ ಕಲೆಗಳಂತೆ ಗುಳಿಗಳು. "ನೀರು ಹೋಗಿದೆ ಸರ್" ಎಂದ. ಓಡಿ ಕಾದ ಅಚ್ಚು ತಣ್ಣನೆಯ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡುವ ಸಣ್ಣ ನಳಿಗೆ ಕೆಸರಿನಿಂದ ಕಟ್ಟಿದ್ದರೆ ಸೀಲುಗಳ ಅಂಚಿನಿಂದ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಒಂಬತ್ತನೆಯ ತರಗತಿಯಲ್ಲಿ ಅನಿಲಗಳ ಪಾಠವನ್ನು ಅವನಿಗೆ ಹೇಳಿಕೊಟ್ಟವನು ನಾನು. ಅದು ಜೀಪಿನ ಕೆಳಗೆ ಹೇಗೆ ನಡೆಯುತ್ತದೆಂದು ನನಗೆ ಹೇಳಿಕೊಟ್ಟವನು ಅವನು.

ಎಲ್ಲರೂ ಕುಳಿತು ತೀರ್ಮಾನಕ್ಕೆ ಬಂದೆವು. ಟಯರು ಇದ್ದ ಅಳತೆಯದೇ ಇರಲಿ. ಹಿಂದಿನ ಅಚ್ಚಿಗೆ ಅದೇ 43ಕ್ಕೆ 8ರ ಹೊಸ ಕ್ರೌನ್ ಪಿನಿಯನ್ ಜೋಡಿ. ಪ್ರಮಾಣ ಬದಲಾಗದ ಕಾರಣ ಮುಂದಿನದನ್ನು ಮುಟ್ಟಬೇಕಿಲ್ಲ. ಅಳಿಯ ಬಯಸಿದ ದಪ್ಪ ಮುಚ್ಚಳ ಬೇಕೇ ಬೇಕು, ಏಕೆಂದರೆ ದಾರಿಯ ಕಲ್ಲು ಬದಲಾಗುವುದಿಲ್ಲ. ಅಯಸ್ಕಾಂತವಿರುವ ಪ್ಲಗ್ಗು, ಗಾಳಿಯಾಡುವ ನಳಿಗೆಗೆ ರಬ್ಬರ್ ಪೈಪು ಜೋಡಿಸಿ ಸೀಟಿನ ಎತ್ತರಕ್ಕೆ ಏರಿಸುವುದು. ತಂದೆಯ ಮಾತೂ ಉಳಿಯಿತು, ಮಗನ ಮಾತಿನಲ್ಲಿದ್ದ ತಿರುಳೂ ಉಳಿಯಿತು.

ಗೇರು ಕೂರಿಸುವುದನ್ನು ಎರಡು ದಿನ ಕುಳಿತು ನೋಡಿದೆ. ಈ ಎರಡು ಚಕ್ರಗಳನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಬದಲಿಸಲಾಗದು. ಕಾಗದದಷ್ಟು ತೆಳುವಾದ ಶಿಮ್ಮುಗಳನ್ನು ಹಾಕಿ ತೆಗೆದು, ಹಲ್ಲುಗಳಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವವರೆಗೆ ಆತ ಮತ್ತೆ ಮತ್ತೆ ಬಿಚ್ಚಿ ಕಟ್ಟಿದ. ಎರಡು ಚಕ್ರಗಳ ನಡುವಿನ ಸಡಿಲವನ್ನು ಇಂಚಿನ ಸಾವಿರದ ಲೆಕ್ಕದಲ್ಲಿ ಅಳೆದ. ಕೊನೆಯಲ್ಲಿ ಮುಚ್ಚಳದ ಹತ್ತು ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯುವ ಕೆಲಸವನ್ನು ಅಳಿಯ ತಾನೇ ಮಾಡುತ್ತೇನೆಂದು ಜೀಪಿನ ಕೆಳಗೆ ಮಲಗಿದ. ಭಾವ ಟಾರ್ಚು ಹಿಡಿದು ಕುಳಿತರು. ಅಲ್ಲಿಯವರೆಗೆ ಅವರಿಬ್ಬರೂ ನನ್ನ ಮೂಲಕವೇ ಮಾತಾಡುತ್ತಿದ್ದರು. "ಆ ಬದಿಯದ್ದು ಇನ್ನೊಂದು ಸುತ್ತು ಬಿಗಿ ಮಾಡು ಮಾಣಿ" ಎಂದು ಭಾವ ಹೇಳಿದ್ದೇ ತಂದೆಮಕ್ಕಳ ನಡುವಣ ಮೊದಲ ನೇರ ಮಾತು.

ಬಳಿಕ ಅಳಿಯ ತನಗೆ ಈ ಜೀಪು ಏಕೆ ಬೇಕೆಂದು ನನ್ನಲ್ಲಿ ಹೇಳಿದ: "ಮಾವ, ಅಪ್ಪನಿಗೆ ಎಪ್ಪತ್ತು ಹತ್ತಿರ ಬಂತು. ರಾತ್ರಿ ಹಳ್ಳದ ನಡುವೆ ಇದು ನಿಂತುಹೋದರೆ ನಾನು ಬೆಂಗಳೂರಿನಲ್ಲಿ ಕುಳಿತು ಏನು ಮಾಡಲಿ?" ಭಾವನ ಭಯವೂ ಇದೇ ಆಗಿತ್ತಲ್ಲವೇ! ಇಬ್ಬರೂ ಹೆದರಿದ್ದುದು ಒಂದೇ ಸಂಗತಿಗೆ. ಒಬ್ಬರು ಟಯರಿನ ಭಾಷೆಯಲ್ಲಿ, ಇನ್ನೊಬ್ಬರು ಸಿಟ್ಟಿನ ಭಾಷೆಯಲ್ಲಿ ಅದನ್ನು ಹೇಳುತ್ತಿದ್ದರು.

ಹೊಸ ಗೇರು ಹಾಕಿಸುವವರಿಗೆ ಎರಡು ಮಾತು. ಮೊದಲ ದಿನಗಳಲ್ಲಿ ಭಾರ ಹೇರಬೇಡಿ, ದೂರ ಓಡಿಸಬೇಡಿ. ನಡುನಡುವೆ ನಿಲ್ಲಿಸಿ ಆರಲು ಬಿಡಿ. ಎಂಟುನೂರು ಕಿಲೋಮೀಟರಿನೊಳಗೆ ಮೊದಲ ಎಣ್ಣೆಯನ್ನು ಚೆಲ್ಲಿ ಹೊಸದು ತುಂಬಿ. ಹಳ್ಳದಲ್ಲಿ ಮುಳುಗೆದ್ದ ಗಾಡಿಯಾದರೆ ಮಳೆಗಾಲ ಮುಗಿದೊಡನೆ ಎಣ್ಣೆಯ ಬಣ್ಣ ನೋಡಿ. ಒಂದೂಕಾಲು ಲೀಟರಿನಷ್ಟು ಎಣ್ಣೆಯ ಬೆಲೆ ಕ್ರೌನ್ ಪಿನಿಯನ್ನಿನ ಬೆಲೆಯ ಮುಂದೆ ಏನೂ ಅಲ್ಲ.

ನವರಾತ್ರಿಗೆ ಅಳಿಯ ಬಂದಾಗ ಪ್ಲಗ್ಗು ಬಿಚ್ಚಿ ನೋಡಿದರು. ಎಣ್ಣೆ ಜೇನಿನ ಬಣ್ಣದಲ್ಲಿಯೇ ಇತ್ತು. ಅಯಸ್ಕಾಂತದ ತುದಿಯಲ್ಲಿ ಕಾಡಿಗೆಯಷ್ಟು ನುಣ್ಣನೆಯ ಕಬ್ಬಿಣದ ಪುಡಿ ಮಾತ್ರ. ಭಾವ ಅದನ್ನು ಬಟ್ಟೆಯಲ್ಲಿ ಒರೆಸಿ ಮಗನ ಕೈಗೆ ಕೊಟ್ಟರು. ಆ ಮಳೆಗಾಲದಲ್ಲಿ ಜೀಪು ಮೂರು ಸಲ ರೋಗಿಗಳನ್ನು ಹೊತ್ತು ಎರಡೂ ಹಳ್ಳ ದಾಟಿತ್ತು.