ಹೆಪ್ಪಿನ ಪರೀಕ್ಷೆ

ಕಣ್ಣು ಮಂಜಾದರೆ ಕನ್ನಡಕದ ಅಂಗಡಿಗೆ ಹೋಗುವುದು ಲೋಕರೂಢಿ. ಜಯನಗರದ ಆ ರಾಯರೂ ಹಾಗೆಯೇ ಮಾಡಿದರು. ನಲವತ್ತು ವರ್ಷಗಳಿಂದ ಬಾಗಿಲ ಮುಂದೆ ಹದಿನೈದು ಚುಕ್ಕಿಯ ರಂಗವಲ್ಲಿಯನ್ನು ಕಣ್ಮುಚ್ಚಿಯೂ ಹಾಕಬಲ್ಲವರೆಂದು ಹೆಸರಾದ ಅವರ ಮಡದಿಗೆ ಒಂದು ದಿನ ಎಳೆ ಚುಕ್ಕಿಯನ್ನು ಸೇರಲಿಲ್ಲ. ಮರುದಿನ ಚುಕ್ಕಿಗಳೇ ಸಾಲು ತಪ್ಪಿದವು. “ಪೊರೆ ಬಂದಿರಬೇಕು” ಎಂದರು ನೆರೆಯವರು. ಕನ್ನಡಕ ಬದಲಾಯಿತು, ಹದಿನೈದು ದಿನದಲ್ಲಿ ಇನ್ನೊಮ್ಮೆ ಬದಲಾಯಿತು. ಕಣ್ಣಿನ ವೈದ್ಯರು ದೀಪ ಹಿಡಿದು ನೋಡಿ, “ಕಣ್ಣಿನಲ್ಲಿ ದೋಷವಿಲ್ಲವಲ್ಲ!” ಎಂದು ಆಶ್ಚರ್ಯಪಟ್ಟರು. ದೋಷವಿದ್ದದ್ದು ಕಣ್ಣಿನಲ್ಲಲ್ಲ, ಕಂಡದ್ದನ್ನು ಅರಿಯುವ ಮಿದುಳಿನಲ್ಲಿ.

ಮುಂದಿನದೆಲ್ಲ ಬಹು ಬೇಗ ನಡೆದುಹೋಯಿತು. ಆರು ವಾರಗಳಲ್ಲಿ ಆಕೆಯ ನಡಿಗೆ ತೂರಾಡಿತು, ಮಾತು ತಡವರಿಸಿತು. ಕುಕ್ಕರು ಕೂಗಿದರೆ ಸಾಕು, ಮೈ ಬೆಚ್ಚಿ ಕೈಕಾಲು ಎಗರುತ್ತಿದ್ದವು. ಹುಬ್ಬಳ್ಳಿಯಿಂದ ಓಡಿಬಂದ ಮಗಳನ್ನು ನೋಡಿ, “ಯಾರು ಬಂದವರು? ಕಾಫಿ ಕೊಡಿ” ಎಂದಳು ಹೆತ್ತ ತಾಯಿ.

ದೊಡ್ಡ ಆಸ್ಪತ್ರೆಯ ನರರೋಗ ತಜ್ಞರು ಮೊದಲು ಇ.ಇ.ಜಿ. ತೆಗೆಸಿದರು. ಸುಮಾರು ಕ್ಷಣಕ್ಕೊಂದರಂತೆ, ಗಡಿಯಾರದ ಟಿಕ್ ಟಿಕ್ಕಿನ ಹಾಗೆ, ಚೂಪಾದ ಅಲೆಗಳು ಆ ಕಾಗದದಲ್ಲಿ ಏಳುತ್ತಿದ್ದವು. ಎಂ.ಆರ್.ಐ. ಚಿತ್ರದಲ್ಲಿ ಮಿದುಳಿನ ಹೊರಮೈ ಸೀರೆಯ ಜರಿಯಂಚಿನಂತೆ ಬೆಳ್ಳಗೆ ಹೊಳೆಯುತ್ತಿತ್ತು. ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ರಾಯರು ಎಂದೂ ಕೇಳದ ಹೆಸರೊಂದನ್ನು ಹೇಳಿದರು: ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ರೋಗ. 1920 ಮತ್ತು 1921ರಲ್ಲಿ ಇದನ್ನು ಮೊದಲು ಬಣ್ಣಿಸಿದ ಇಬ್ಬರು ಜರ್ಮನ್ ವೈದ್ಯರ ಹೆಸರು ಅದು. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವ ಈ ವ್ಯಾಧಿಗೆ ಕಾರಣ ಕ್ರಿಮಿಯಲ್ಲ. ಎಲ್ಲರ ಮಿದುಳಿನಲ್ಲಿಯೂ ಇರುವ ಒಂದು ಸಸಾರಜನಕ ವಸ್ತು, ಎಂದರೆ ಪ್ರೋಟೀನು, ತನ್ನ ಮಡಿಕೆ ತಪ್ಪಿ ಕೆಡುವುದೇ ಕಾರಣ. 1982ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಪ್ರೂಸಿನರ್ ಅದಕ್ಕೆ ‘ಪ್ರಿಯಾನ್’ ಎಂದು ಹೆಸರಿಟ್ಟಾಗ ನಂಬಿದವರಿಗಿಂತ ನಕ್ಕವರೇ ಹೆಚ್ಚು. 1997ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಬಂದಿತು. ಔಷಧ ಮಾತ್ರ ಇನ್ನೂ ಬಂದಿಲ್ಲ.

ರಾಯರು ಲೆಕ್ಕಪತ್ರಗಳ ತಪಾಸಣೆಯಲ್ಲಿ ಕೂದಲು ನರೆಸಿದವರು. ಬೆನ್ನಿನಿಂದ ನೀರು ತೆಗೆಯಬೇಕು ಎಂದಾಗ ಅವರು ಕೇಳಿದ ಪ್ರಶ್ನೆ ನ್ಯಾಯವಾದುದೇ. “ಮದ್ದೇ ಇಲ್ಲದ ರೋಗಕ್ಕೆ ಪರೀಕ್ಷೆ ಏತಕ್ಕೆ ಸ್ವಾಮಿ? ಅವಳನ್ನು ಇನ್ನೊಮ್ಮೆ ಚುಚ್ಚಿ ನೋಯಿಸುವುದಕ್ಕೋ?”

“ಯಜಮಾನರೆ, ಈ ರೋಗವನ್ನು ಹುಡುಕುವುದಕ್ಕಿಂತ ಹೆಚ್ಚಾಗಿ ಇದರ ವೇಷ ಹಾಕಿಕೊಂಡು ಬರುವ ಬೇರೆ ರೋಗಗಳನ್ನು ಹಿಡಿಯುವುದಕ್ಕೆ” ಎಂದರು ವೈದ್ಯರು.

ಆ ಮಾತಿನಲ್ಲಿಯೇ ಎಲ್ಲವೂ ಇದೆ. ದೇಹದ ರಕ್ಷಣಾ ಶಕ್ತಿಯೇ ದಾರಿ ತಪ್ಪಿ ಮಿದುಳಿನ ಮೇಲೆ ತಿರುಗಿಬೀಳುವ ಉರಿಯೂತಗಳುಂಟು. ಅವೂ ಹೀಗೆಯೇ ಮರೆವು ತರುತ್ತವೆ, ಮೈ ಎಗರಿಸುತ್ತವೆ. ಆದರೆ ಸ್ಟೀರಾಯ್ಡು ಮೊದಲಾದ ಔಷಧಗಳಿಗೆ ಅವು ಬಗ್ಗುವುದುಂಟು. ಹಾಸಿಗೆ ಹಿಡಿದವರು ಎದ್ದು ನಡೆದು ಮನೆಗೆ ಹೋಗುವುದೂ ಉಂಟು. ಥೈರಾಯ್ಡ್ ಗ್ರಂಥಿಯ ತೊಂದರೆ, ಬಿ12 ಜೀವಸತ್ವದ ಕೊರತೆ, ಮಿದುಳಿನ ಸೋಂಕು ಇವೆಲ್ಲ ಅದೇ ಪಟ್ಟಿಯವು. ಇವುಗಳಲ್ಲಿ ಒಂದನ್ನು ಪ್ರಿಯಾನ್ ಎಂದು ಬಗೆದು ಕೈಚೆಲ್ಲಿ ಕುಳಿತರೆ ಅದಕ್ಕಿಂತ ದೊಡ್ಡ ಅಪರಾಧವಿಲ್ಲ. ರಾಯರು ಒಪ್ಪಿ ರುಜು ಹಾಕಿದರು. ಐದು ದಿನ ಸ್ಟೀರಾಯ್ಡು ಹನಿಸಿದರು. ಆ ಐದು ದಿನ ರಾಯರು ಮಡದಿಯ ಬೆರಳುಗಳನ್ನೇ ನೋಡುತ್ತ ಕುಳಿತಿದ್ದರು. ಬೆರಳು ನಿಲ್ಲಲಿಲ್ಲ.

ಬೆನ್ನಿನ ನೀರಿನಲ್ಲಿ ಮೊದಲು ನೋಡಿದ್ದು ‘14-3-3’ ಎಂಬ ಪ್ರೋಟೀನನ್ನು. ಹೆಸರನ್ನು ಕೇಳಿ ಆ ದುಃಖದಲ್ಲಿಯೂ ಮಗಳು ನಕ್ಕಳಂತೆ: “ಅಪ್ಪಾ, ಇದು ಜಯನಗರದ ವಿಳಾಸದ ಹಾಗಿದೆ, ಹದಿನಾಲ್ಕನೆಯ ಮೈನು, ಮೂರನೆಯ ಕ್ರಾಸು, ಮೂರನೆಯ ಬ್ಲಾಕು!” ನಿಜಕ್ಕೂ ಅದು ವಿಳಾಸವೇ, 1967ರಲ್ಲಿ ಮಿದುಳಿನ ಪ್ರೋಟೀನುಗಳನ್ನು ಬೇರ್ಪಡಿಸುತ್ತಿದ್ದವರು ಅದು ಎಷ್ಟನೆಯ ಕಂತಿನಲ್ಲಿ, ಯಾವ ಸ್ಥಾನದಲ್ಲಿ ಸಿಕ್ಕಿತೆಂಬುದನ್ನೇ ಹೆಸರಾಗಿ ಬರೆದಿಟ್ಟರು. ಆದರೆ ಈ ವಿಳಾಸದಲ್ಲಿ ಒಬ್ಬನೇ ವಾಸಿಸುವುದಿಲ್ಲ. ನರಕೋಶಗಳು ಬೇಗಬೇಗನೆ ಸಾಯುವಾಗಲೆಲ್ಲ ಈ ವಸ್ತು ಬೆನ್ನಿನ ನೀರಿಗೆ ಸೋರುತ್ತದೆ; ಪಾರ್ಶ್ವವಾಯುವಿನಲ್ಲಿ, ಮಿದುಳಿನ ಉರಿಯೂತದಲ್ಲಿ, ಮೂರ್ಛೆಯ ಅನಂತರ ಕೂಡ. ಮನೆಗೆ ಬೆಂಕಿ ಬಿದ್ದಿದೆ ಎಂದು ಹೊಗೆ ಹೇಳೀತು, ಹಚ್ಚಿದವರಾರೆಂದು ಹೇಳಲಾರದು.

ಹಚ್ಚಿದವನನ್ನೇ ಹಿಡಿಯುವ ಪರೀಕ್ಷೆ ಇನ್ನೊಂದಿದೆ. ಆರ್‌ಟಿ-ಕ್ವಿಕ್ ಎಂದು ಅದರ ಹೆಸರು. ನಮ್ಮ ಗೃಹಿಣಿಯರಿಗೆ ಅದನ್ನು ಬಿಡಿಸಿ ಹೇಳಬೇಕಾದುದೇ ಇಲ್ಲ. ಏಕೆಂದರೆ ಅದು ಹೆಪ್ಪು ಹಾಕುವ ವಿದ್ಯೆ. ಒಂದು ಚಮಚ ಮೊಸರು ಪಾತ್ರೆಯ ಹಾಲನ್ನೆಲ್ಲ ಮೊಸರು ಮಾಡುವಂತೆ, ಕೆಟ್ಟ ಪ್ರಿಯಾನ್ ತನ್ನನ್ನು ಮುಟ್ಟಿದ ಒಳ್ಳೆಯ ಪ್ರೋಟೀನನ್ನು ತನ್ನಂತೆಯೇ ಮಾಡುತ್ತದೆ. (ಮೊಸರಿನಲ್ಲಿ ಜೀವವಿದೆ, ಪ್ರಿಯಾನಿನಲ್ಲಿ ಇಲ್ಲ, ಭೇದ ಅಷ್ಟೆ.) ಪ್ರಯೋಗಶಾಲೆಯಲ್ಲಿ ಬ್ಯಾಕ್ಟೀರಿಯಾಗಳಿಂದ ಬೆಳೆಸಿದ ಶುದ್ಧ ಪ್ರೋಟೀನೇ ಹಾಲು, ರೋಗಿಯ ಬೆನ್ನಿನ ನೀರಿನ ಹನಿಯೇ ಹೆಪ್ಪು. ಪುಟ್ಟ ಪುಟ್ಟ ಗುಳಿಗಳಲ್ಲಿ ಎರಡನ್ನೂ ಬೆರೆಸಿ, ಬೆಚ್ಚಗಿಟ್ಟು, ಯಂತ್ರವು ಕೆಲವು ಕ್ಷಣ ಅಲುಗಿಸಿ ಕೆಲವು ಕ್ಷಣ ವಿರಮಿಸುತ್ತದೆ. ಹೆಪ್ಪಾದರೆ ಅದರ ಎಳೆಗಳಿಗೆ ಅಂಟುವ ಬಣ್ಣವೊಂದು ಹೊಳೆಯತೊಡಗುತ್ತದೆ. ಕೆಲವು ಗಂಟೆಗಳಿಂದ ಕೆಲವು ದಿನಗಳವರೆಗೆ ಕಾಯಬೇಕು. ಹೊಳೆದರೆ ರೋಗವಿಲ್ಲವೆನ್ನುವುದು ಬಹಳ ಅಪರೂಪ. ಹೊಳೆಯದಿದ್ದರೆ ಮಾತ್ರ ಪೂರ್ತಿ ನಂಬುವಂತಿಲ್ಲ. ಸೂಜಿ ಚುಚ್ಚುವಾಗ ರಕ್ತ ಬೆರೆತರೂ ಹೆಪ್ಪು ಹಿಡಿಯದೆ ಹೋಗಬಹುದು. ಎಲ್ಲ ಊರಿನ ಪ್ರಯೋಗಶಾಲೆಗಳಲ್ಲಿಯೂ ನಡೆಯುವ ಪರೀಕ್ಷೆ ಇದಲ್ಲ.

ಆಕೆಯ ನೀರು ಹೊಳೆಯಿತು.

ವರದಿಯಲ್ಲಿ ಬರೆದಿದ್ದ ಪದ ‘ಸಂಭಾವ್ಯ’. ರಾಯರು ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು. ಶಕ್ಯ, ಸಂಭಾವ್ಯ, ನಿಶ್ಚಿತ ಎಂದು ವೈದ್ಯಶಾಸ್ತ್ರ ಇಲ್ಲಿ ಮೂರು ಮೆಟ್ಟಿಲು ಕಟ್ಟಿದೆ; ಮಿದುಳಿನ ಅಂಶವನ್ನೇ ಕಣ್ಣಾರೆ ನೋಡದೆ ಮೂರನೆಯದನ್ನು ಹತ್ತುವಂತಿಲ್ಲ. ಮನೆಯಲ್ಲಿ ಅಷ್ಟರಲ್ಲಿ ಬೇರೊಂದು ರಗಳೆ ಎದ್ದಿತ್ತು. ರೋಗ ಅಂಟೀತೆಂದು ಪಾತ್ರೆ ತೊಳೆಯುವ ಹೆಂಗಸು ಬರುವುದನ್ನು ಬಿಟ್ಟಳು. ಮುಟ್ಟಿದರೆ, ಉಸಿರಾಡಿದರೆ, ಜತೆಯಲ್ಲಿ ಉಂಡರೆ ಇದು ಅಂಟುವುದಿಲ್ಲ. ಆದರೆ ಭಯಕ್ಕೆ ಯಾವ ಪ್ರಯೋಗಶಾಲೆಯ ವರದಿ ಬೇಕು?

ನಾಲ್ಕನೆಯ ತಿಂಗಳಿನಲ್ಲಿ ಆಕೆ ಕಣ್ಮುಚ್ಚಿದರು. ಮಿದುಳನ್ನು ಪರೀಕ್ಷೆಗೆ ಕೊಡುವಿರಾ ಎಂದು ವೈದ್ಯರು ಮೊದಲೇ ಮೆಲ್ಲಗೆ ಕೇಳಿದ್ದರು. ಬನಶಂಕರಿಯಿಂದ ಬಂದ ರಾಯರ ಅಕ್ಕ ಕಣ್ಣೊರೆಸಿಕೊಳ್ಳುತ್ತ, “ಅಂಗಹೀನವಾದ ದೇಹಕ್ಕೆ ಸಂಸ್ಕಾರ ಹೇಗೋ ಮಾಡ್ತೀಯಪ್ಪಾ?” ಎಂದರು. ರಾಯರ ಬಳಿ ಉತ್ತರವಿರಲಿಲ್ಲ. ಮುಖಕ್ಕೆ ವಿಕಾರ ಬರುವುದಿಲ್ಲವೆಂದು ವೈದ್ಯರು ಹೇಳಿದ್ದನ್ನಷ್ಟೇ ಹೇಳಿದರು. ಹೊಸೂರು ರಸ್ತೆಯ ನಿಮ್ಹಾನ್ಸಿನಲ್ಲಿ 1995ರಿಂದ ಮಾನವ ಮಿದುಳಿನ ಭಂಡಾರವೊಂದಿದೆ, ಡಾ. ಎಸ್. ಕೆ. ಶಂಕರ್ ಅದನ್ನು ಕಟ್ಟಿದವರು ಎಂಬುದನ್ನು ಅವರು ಪತ್ರಿಕೆಯಲ್ಲಿ ಓದಿದ್ದರು. 1971ರಿಂದ 1990ರವರೆಗೆ ಭಾರತದಲ್ಲಿ ಕಂಡ ಈ ರೋಗದ ವೃತ್ತಾಂತವನ್ನು ಡಾ. ಸತೀಶ್ಚಂದ್ರ ಮತ್ತು ಅದೇ ಡಾ. ಶಂಕರ್ 1991ರಲ್ಲಿ ಪ್ರಕಟಿಸಿದ್ದರೆಂದು ವೈದ್ಯರು ತಿಳಿಸಿದ್ದರು. ಯಾರೋ ಒಪ್ಪದೆ ಆ ವೃತ್ತಾಂತ ಬರುತ್ತಿರಲಿಲ್ಲ ಎಂಬುದು ಲೆಕ್ಕಿಗರಿಗೆ ತಾನಾಗಿ ಹೊಳೆಯಿತು. ಅಕ್ಕನವರು ಒಳಗೆ ಹೋಗಿ ಕುಳಿತರು. ರಾಯರು ರುಜು ಹಾಕಿದರು.

ಆ ಅಂಗಕ್ಕೆ ಮುಂದೆ ನಡೆಯುವ ಉಪಚಾರ ದೀರ್ಘ. ಸಾಮಾನ್ಯ ಕ್ರಿಮಿಗಳನ್ನು ಕೊಲ್ಲುವ ಫಾರ್ಮಲಿನ್ ಪ್ರಿಯಾನನ್ನು ಕೊಲ್ಲಲಾರದು. ಆದುದರಿಂದ ಫಾರ್ಮಿಕ್ ಆಮ್ಲದಲ್ಲಿಯೂ ನೆನೆಸಬೇಕು. ಸೂಕ್ಷ್ಮದರ್ಶಕದಡಿಯಲ್ಲಿ ತೆಳುವಾದ ಪದರ ಸ್ಪಂಜಿನಂತೆ ತೂತುತೂತಾಗಿ ಕಾಣುತ್ತದೆ. ಹೆಪ್ಪುಗಟ್ಟಿಸಿಟ್ಟ ಇನ್ನೊಂದು ತುಣುಕಿಗೆ ಪ್ರೋಟೀನುಗಳನ್ನು ಜೀರ್ಣಿಸುವ ಕಿಣ್ವವನ್ನು ಸೇರಿಸುತ್ತಾರೆ. ಒಳ್ಳೆಯದು ಕರಗಿಹೋಗುತ್ತದೆ, ಕೆಟ್ಟದ್ದರ ತಿರುಳು ಜಗ್ಗದೆ ಉಳಿಯುತ್ತದೆ.

ವೈಕುಂಠ ಸಮಾರಾಧನೆಯಾಗಿ ಎಷ್ಟೋ ದಿನಗಳ ಮೇಲೆ ಲಕೋಟೆ ಬಂದಿತು. ‘ನಿಶ್ಚಿತ’ ಎಂದಿದ್ದ ಸಾಲನ್ನು ರಾಯರು ಒಮ್ಮೆ ಓದಿ ಬಿಟ್ಟರು. ಅವರು ಹುಡುಕುತ್ತಿದ್ದುದು ಆಕೆ ಬದುಕಿದ್ದಾಗಲೇ ತೆಗೆದಿದ್ದ ರಕ್ತದ ಫಲಿತಾಂಶವನ್ನು. ಈ ರೋಗ ನೂರರಲ್ಲಿ ಹತ್ತು ಹದಿನೈದು ಮಂದಿಗೆ ವಂಶವಾಹಿನಿಯ ದೋಷದಿಂದ ಬರುತ್ತದೆ. ಮಗಳು ಆ ಪ್ರಶ್ನೆಯನ್ನು ಒಮ್ಮೆಯೂ ಬಾಯಿಬಿಟ್ಟು ಕೇಳಿರಲಿಲ್ಲ, ಅವರೂ ಎತ್ತಿರಲಿಲ್ಲ. ಕೊನೆಯ ಹಾಳೆಯಲ್ಲಿತ್ತು: ವಂಶವಾಹಿನಿಯಲ್ಲಿ ದೋಷ ಕಂಡುಬಂದಿಲ್ಲ.

ಅವರು ಹುಬ್ಬಳ್ಳಿಗೆ ಫೋನು ಮಾಡಿ ಆ ಸಾಲನ್ನು ಎರಡು ಸಲ ಓದಿದರು. ಆ ಕಡೆಯಿಂದ ಬಹಳ ಹೊತ್ತು ಮಾತೇ ಇಲ್ಲ. ಆಮೇಲೆ ಮಗಳು, “ಊಟ ಆಯಿತೇನಪ್ಪಾ?” ಎಂದು ಕೇಳಿದಳು.