ಕೆಂಪು ಮಸಿ



ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗೆ ನಾನು ಪ್ರತಿವರ್ಷವೂ ಏನನ್ನಾದರೂ ಬರೆದುಕೊಡುತ್ತ ಬಂದಿದ್ದೇನೆ. ಹಳೆಯ ಸಂಚಿಕೆಗಳನ್ನು ತೆಗೆದು ನೋಡಿದರೆ ‘ಸಮಯದ ಸದುಪಯೋಗ’, ‘ಶಿಸ್ತೇ ಜೀವನ’, ‘ಗ್ರಂಥವೇ ಗೆಳೆಯ’ ಎಂಬ ನನ್ನ ಲೇಖನಗಳು ನಿಮಗೆ ಸಿಕ್ಕಾವು. ಹುಡುಕುವ ಶ್ರಮವನ್ನು ತೆಗೆದುಕೊಳ್ಳಬೇಡಿರಿ. ಆ ಮೂರರ ತಲೆಬರಹಗಳನ್ನು ಅದಲುಬದಲು ಮಾಡಿದರೂ ಓದುವವನಿಗೆ ವ್ಯತ್ಯಾಸವೇ ತೋರಲಾರದು. ಈ ಸಲ ಉಪದೇಶವನ್ನು ಬದಿಗಿಟ್ಟು, ಮೂವತ್ತೆರಡನೆಯ ವಯಸ್ಸಿನಲ್ಲಿ ನಾನು ಮತ್ತೆ ವಿದ್ಯಾರ್ಥಿಯಾಗಿ ಕಳೆದ ಐದು ತಿಂಗಳ ಸಂಗತಿಯನ್ನು ಹೇಳುತ್ತೇನೆ. ನಿಮ್ಮಂಥ ಒಬ್ಬ ಹುಡುಗನಿಗೆ ನಾನು ಮಾಡಿದ ಒಂದು ತಪ್ಪೂ ಅದರಲ್ಲಿ ಸೇರಿದೆ.

ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವನು. ಮೆಟ್ರಿಕ್ಕಿನವರೆಗೆ ಕಲಿತದ್ದೆಲ್ಲ ಕನ್ನಡದಲ್ಲಿಯೇ. ಪ್ರಬಂಧ ಬರೆಯುವುದರಲ್ಲಿ ನನ್ನ ಸರಿಸಮಾನರಿಲ್ಲವೆಂದು ನಮ್ಮೂರಿನಲ್ಲಿ ಹೆಸರಾಗಿತ್ತು. ಇದರ ಗುಟ್ಟೆಂದರೆ ನನ್ನ ಬಳಿ ಇದ್ದ ಒಂದು ವಹಿ. ಕಂಡಕಂಡಲ್ಲಿಂದ ಆಯ್ದ ‘ಸುಂದರ ವಾಕ್ಯ’ಗಳನ್ನು ಅದರಲ್ಲಿ ಬರೆದಿಟ್ಟು ಬಾಯಿಪಾಠ ಮಾಡಿದ್ದೆನು. ಸೂರ್ಯೋದಯಕ್ಕೆ ಏಳು ವಾಕ್ಯ, ಮಳೆಗಾಲಕ್ಕೆ ಒಂಬತ್ತು, ತಾಯಿಗೆ ಹನ್ನೆರಡು. ಪರೀಕ್ಷೆಯಲ್ಲಿ ಯಾವ ವಿಷಯವೇ ಬರಲಿ, ಹೊಂಗಿರಣಗಳಿಂದ ಆರಂಭಿಸಿ ಮಂದಮಾರುತದಲ್ಲಿ ಮುಗಿಸುತ್ತಿದ್ದೆನು. ತಾಲ್ಲೂಕಿನ ಪ್ರಬಂಧಸ್ಪರ್ಧೆಯಲ್ಲಿ ಮೊದಲನೆಯವನಾಗಿ ಒಂದು ಸ್ಟೀಲಿನ ಲೋಟವನ್ನು ಗೆದ್ದೆ. ಇಂದಿಗೂ ಅದರಲ್ಲಿಯೇ ಚಹ ಕುಡಿಯುತ್ತೇನೆ. ಲೋಟದ ಮೇಲೆ ನನಗೇನೂ ಮುನಿಸಿಲ್ಲ.

ಹೊಟ್ಟೆಯ ಪಾಡಿಗಾಗಿ ಪುಣೆಗೆ ಬಂದು ಕನ್ನಡ ಶಾಲೆಯಲ್ಲಿ ಶಿಕ್ಷಕನಾದೆನು. ಪದವಿಯಿಲ್ಲದ ಕೊರತೆ ಕೆಲವು ವರ್ಷಗಳಲ್ಲಿ ಚುಚ್ಚತೊಡಗಿತು. ಆದುದರಿಂದ 2019ರ ಮಳೆಗಾಲದಲ್ಲಿ ಬೆಳಗಿನ ವೇಳೆ ನಡೆಯುವ ಒಂದು ಕಲಾ ಕಾಲೇಜಿಗೆ ಹೆಸರು ಹಚ್ಚಿದೆ. ಏಳರಿಂದ ಹತ್ತೂವರೆಯವರೆಗೆ ಕಾಲೇಜು, ಹನ್ನೆರಡರಿಂದ ಶಾಲೆ. ನಡುವೆ ಖಾನಾವಳಿಯ ಊಟ. ಮೊದಲ ದಿನ ನಾನು ತರಗತಿಯೊಳಗೆ ಕಾಲಿಟ್ಟಾಗ ಹದಿನೆಂಟು ವರ್ಷದ ಹುಡುಗ ಹುಡುಗಿಯರೆಲ್ಲ ನನ್ನನ್ನು ಪ್ರಾಧ್ಯಾಪಕನೆಂದು ಬಗೆದು ಎದ್ದು ನಿಂತರು. ನಾನೂ ಅಭ್ಯಾಸಬಲದಿಂದ ‘ಕುಳಿತುಕೊಳ್ಳಿ’ ಎಂದು ಕೈಮಾಡಿ, ಆಮೇಲೆ ಹಿಂದಿನ ಬೆಂಚಿಗೆ ಹೋಗಿ ಕುಳಿತೆನು. ಆ ನಗೆ ಅಡಗಲು ಒಂದು ವಾರ ಹಿಡಿಯಿತು.

ಆ ಕಾಲೇಜಿನಲ್ಲಿ ಕನ್ನಡವಿರಲಿಲ್ಲ. ಅನಿವಾರ್ಯವಾಗಿ ಮರಾಠಿಯನ್ನು ಆರಿಸಿಕೊಂಡೆ. ಸಂತೆಯ ಮರಾಠಿ ನನಗೆ ಬರುತ್ತಿತ್ತು. ಬರೆಯುವ ಮರಾಠಿ ಬರುತ್ತಿರಲಿಲ್ಲ. ಕಾಲೇಜಿನ ಅರ್ಧವರ್ಷಕ್ಕೆ ಮರಾಠಿಯಲ್ಲಿ ‘ಸತ್ರ’ವೆನ್ನುತ್ತಾರೆ. ನಮ್ಮಲ್ಲಿ ಸತ್ರವೆಂದರೆ ದಾರಿಹೋಕನು ಒಂದಿರುಳು ತಲೆಯೂರಿ ಮುಂದೆ ಸಾಗುವ ಜಾಗ. ‘ಈ ಸತ್ರದಲ್ಲಿ ಎಲ್ಲರೂ ಶ್ರಮಪಡಬೇಕು’ ಎಂದು ಪ್ರಾಧ್ಯಾಪಕಿಯವರು ಹೇಳಿದಾಗ ನನ್ನ ಕಣ್ಮುಂದೆ ನಿಂತುದು ನಮ್ಮೂರ ಗುಡಿಯ ಹಿಂದಿನ ಹಾಳು ಸತ್ರ, ಅದರಲ್ಲಿ ಕಟ್ಟಿದ ಎಮ್ಮೆ.

ಆ ಪ್ರಾಧ್ಯಾಪಕಿಯವರು ಹದಿನೈದು ದಿನಕ್ಕೊಮ್ಮೆ ಒಂದು ಪುಟ ಬರೆಯಿಸುತ್ತಿದ್ದರು. ಮೊದಲನೆಯ ವಿಷಯ ‘ನಾನು ಬಲ್ಲ ನದಿ’. ನನಗೆ ಹಿಗ್ಗೋ ಹಿಗ್ಗು! ನನ್ನ ವಹಿಯಲ್ಲಿ ನದಿಗೆ ಹತ್ತು ವಾಕ್ಯಗಳಿದ್ದವು. ಅವನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಜೋಡಿಸಿ, ನಿಘಂಟಿನ ನೆರವಿನಿಂದ ಮರಾಠಿಗೆ ಎಳೆತಂದೆನು. ಜುಳುಜುಳು ನಿನಾದ, ಬೆಳ್ಳಿಯ ತೆರೆ, ಲೋಕಮಾತೆ, ಎಲ್ಲವೂ ಬಂದವು. ಪುಟ ಮರಳಿ ಬಂದಾಗ ಅಂಚಿನಲ್ಲಿ ಪೆನ್ಸಿಲಿನಿಂದ ನಾಲ್ಕು ಪ್ರಶ್ನೆಗಳಿದ್ದವು. ನದಿಯ ಹೆಸರೇನು? ಬೇಸಗೆಯಲ್ಲಿ ನೀರೆಷ್ಟು? ಅದನ್ನು ದಾಟುವವರು ಯಾರು? ನೀವು ಅದರಲ್ಲಿ ಇಳಿದದ್ದುಂಟೋ?

ನಾನು ಸಿಟ್ಟಾದೆ. ತಾಲ್ಲೂಕಿಗೇ ಮೊದಲನೆಯವನಾದವನಿಗೆ ಇಂಥ ಪ್ರಶ್ನೆಗಳೇ! ಎರಡು ದಿನ ಸಿಟ್ಟಿನಲ್ಲಿ ಕಳೆದು, ಮೂರನೆಯ ದಿನ ಉತ್ತರ ಬರೆಯಲು ಕುಳಿತಾಗ ಹೊಂಗಿರಣಕ್ಕೂ ಮಂದಮಾರುತಕ್ಕೂ ಅಲ್ಲಿ ಕೆಲಸವೇ ಇರಲಿಲ್ಲ. ಹೊಳೆಯ ಹೆಸರು ಭೀಮೆ. ಬೇಸಗೆಯಲ್ಲಿ ಅದು ಮರಳು. ಮರಳಿನ ನಡುವೆ ಅಲ್ಲಲ್ಲಿ ಮಡು. ಈಚೆಯ ದಂಡೆ ಕರ್ನಾಟಕ, ಆಚೆಯ ದಂಡೆ ಮಹಾರಾಷ್ಟ್ರ. ನನ್ನ ಸೋದರತ್ತೆಯನ್ನು ಆಚೆಗೆ ಕೊಟ್ಟಿತ್ತು. ಹಬ್ಬಕ್ಕೆ ಬಂದಾಗ ಸೀರೆಯನ್ನು ಮೊಣಕಾಲಿಗೆತ್ತಿ, ತಲೆಯ ಮೇಲೆ ಗಂಟು ಹೊತ್ತು, ನಡುಹೊಳೆಯಲ್ಲಿ ನಿಂತು ಅವಳು ನಮ್ಮನ್ನು ಕೂಗುತ್ತಿದ್ದಳು. ಇಷ್ಟನ್ನು ಬರೆಯಲು ನನಗೆ ಗೊತ್ತಿದ್ದ ಮರಾಠಿಯೇ ಸಾಕಾಯಿತು.

ಬರೆಯುವ ಸಲುವಾಗಿ ನಕಾಶೆಯನ್ನು ತೆಗೆದು ನೋಡಿದೆನು. ಭೀಮೆ ಹುಟ್ಟುವುದು ಇದೇ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ನಗರದ ಸಂಗಮದಲ್ಲಿ ಮುಳಾ ಮುಠಾಗಳು ಕೂಡಿ ಪೂರ್ವಕ್ಕೆ ಹರಿದು ಭೀಮೆಯನ್ನು ಸೇರುತ್ತವೆ. ಭೀಮೆಯು ಉಜನಿಯ ಜಲಾಶಯವನ್ನು ಹಾಯ್ದು, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿಕೊಂಡು, ನಮ್ಮ ತಾಲ್ಲೂಕಿನ ಎಲ್ಲೆಗೆ ಬರುತ್ತದೆ. ಕೊನೆಗೆ ರಾಯಚೂರಿನ ಕಡೆ ಕೃಷ್ಣೆಯನ್ನು ಕೂಡುತ್ತದೆ. ಒಟ್ಟು ಉದ್ದ 861 ಕಿಲೋಮೀಟರು. ಲಕಡೀ ಪೂಲಿನ ಮೇಲೆ ಏಳು ವರ್ಷ ಓಡಾಡಿದ್ದೆ. ಕೆಳಗಿನ ನೀರು ನಮ್ಮ ಮನೆಯ ಹಿತ್ತಿಲಿಗೆ ಹೋಗುವ ನೀರೆಂಬುದು ಒಮ್ಮೆಯೂ ಹೊಳೆದಿರಲಿಲ್ಲ. ಆ ದಿನ ಶಾಲೆಗೆ ಹೋಗುವಾಗ ಪೂಲಿನ ಮೇಲೆ ನಿಂತು ಇಣುಕಿ ನೋಡಿದೆ. ನೀರು ಕಪ್ಪಾಗಿತ್ತು, ನಾತ ಬರುತ್ತಿತ್ತು. ಅದನ್ನೂ ಬರೆದೆನು.

ಹೀಗೆ ಬಡತನವೇ ನನಗೆ ಉಪಕಾರ ಮಾಡಿತು. ಮರಾಠಿಯಲ್ಲಿ ನನ್ನ ಬಳಿ ಒಡವೆಗಳಿರಲಿಲ್ಲ. ಕಂಡದ್ದನ್ನು ಹೇಳುವುದಲ್ಲದೆ ಬೇರೆ ದಾರಿಯಿರಲಿಲ್ಲ. 1969ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಐರ್ಲೆಂಡಿನ ಲೇಖಕ ಸ್ಯಾಮ್ಯುಯೆಲ್ ಬೆಕೆಟ್ ತನ್ನ ಇಂಗ್ಲಿಷನ್ನು ಬಿಟ್ಟು ಫ್ರೆಂಚಿನಲ್ಲಿ ಬರೆಯತೊಡಗಿದುದೂ, ಆ ಭಾಷೆಯಲ್ಲಿ ಶೈಲಿಯ ಹಂಗಿಲ್ಲದೆ ಬರೆಯುವುದು ಸುಲಭವೆಂಬ ಕಾರಣಕ್ಕಾಗಿಯೆಂದು ಪ್ರಾಧ್ಯಾಪಕಿಯವರು ಹೇಳಿದರು. ಅಷ್ಟು ದೂರವೇಕೆ? ನಾನು ಪ್ರತಿದಿನ ಹಾಯ್ದುಹೋಗುತ್ತಿದ್ದ ಫರ್ಗ್ಯೂಸನ್ ಕಾಲೇಜಿನಿಂದ 1918ರಲ್ಲಿ ಬಿ.ಎ. ಪದವಿ ಪಡೆದು ಧಾರವಾಡಕ್ಕೆ ಮರಳಿದ ಬೇಂದ್ರೆಯವರ ಮನೆಮಾತು ಮರಾಠಿ. ಅವರಿಗೆ ಕನ್ನಡದಲ್ಲಿ ಬಡತನವಿತ್ತೆಂದು ಯಾರೂ ಹೇಳಲಾರರು. ಆದರೆ ಅವರ ಸಿರಿ ವಹಿಯಿಂದ ಬಂದುದಲ್ಲ, ಧಾರವಾಡದ ಓಣಿಗಳ ಆಡುಮಾತಿನಿಂದ ಬಂದುದು. ಇದನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ಪಾಠ ಹೇಳುತ್ತಿದ್ದೆನು. ಪಾಠ ಹೇಳಿ ಮುಗಿಸಿ, ಕುರ್ಚಿಯಲ್ಲಿ ಕುಳಿತು, ಹುಡುಗರ ವಹಿಗಳಲ್ಲಿಯ ಆಡುಮಾತುಗಳಿಗೆ ಕೆಂಪು ಗೆರೆ ಎಳೆಯುತ್ತಿದ್ದೆನು. ಎರಡೂ ನನ್ನೊಬ್ಬನದೇ ಕೈ. ಒಂದು ಕೈಯ ಕೆಲಸ ಇನ್ನೊಂದಕ್ಕೆ ತಿಳಿಯದೆಂಬ ಮಾತು ದಾನಕ್ಕೆ ಭೂಷಣವಿರಬಹುದು, ಮಾಸ್ತರಿಕೆಗೆ ಅಲ್ಲ.

ಇನ್ನು ಆ ತಪ್ಪಿನ ಮಾತು. 2019ರ ಸೆಪ್ಟೆಂಬರ್ 25, ಬುಧವಾರ ರಾತ್ರಿ ಪುಣೆಯಲ್ಲಿ ಸುರಿದ ಮಳೆಯನ್ನು ನಿಮ್ಮ ತಾಯಿತಂದೆಗಳು ಮರೆತಿರಲಾರರು. ಕಾತ್ರಜದ ಗುಡ್ಡಗಳ ಕಡೆಯಿಂದ ಇಳಿದು ಬರುವ ಆಂಬೀಲ ಓಢಾ ಎಂಬ ಹಳ್ಳವು ಉಳಿದ ದಿನ ಗಟಾರದಂತೆ ತೋರುವುದು. ಆ ರಾತ್ರಿ ಅದು ಗೋಡೆಗಳನ್ನು ಕೆಡವಿ, ಮೋಟಾರುಗಳನ್ನು ಒಂದರ ಮೇಲೊಂದು ಒಟ್ಟಿ, ದಂಡೆಯ ಮನೆಗಳೊಳಗೆ ನುಗ್ಗಿತು. ನಗರದಲ್ಲಿ ಹಲವರು ಪ್ರಾಣ ಕಳೆದುಕೊಂಡರು. ನಮ್ಮ ಏಳನೆಯ ಇಯತ್ತೆಯ ಒಬ್ಬ ಹುಡುಗನ ಮನೆ ಆ ದಂಡೆಯಲ್ಲಿತ್ತು. ತಂದೆ ತಾಯಿ ಕಲಬುರ್ಗಿಯ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದವರು. ನಾಲ್ಕು ದಿನಗಳ ಮೇಲೆ ಆ ಹುಡುಗ ಶಾಲೆಗೆ ಬಂದಾಗ ಹೊಸ ವಹಿಗಳನ್ನು ಅವನ ಕೈಗೆ ಕೊಟ್ಟವನು ನಾನೇ. ಅಂದ ಮೇಲೆ ನನಗೆ ತಿಳಿಯದಿತ್ತೆಂದು ಹೇಳಿಕೊಳ್ಳಲು ಎಡೆಯಿಲ್ಲ.

ಮರುವಾರ ‘ಮಳೆಗಾಲದ ಒಂದು ದಿನ’ ಎಂದು ಪ್ರಬಂಧ ಕೊಟ್ಟೆನು. ಅವನು ಬರೆದದ್ದು ಇಷ್ಟು:

‘ರಾತ್ರಿ ನೀರು ಬಂತು. ಅಪ್ಪ ನನ್ನನ್ನೂ ತಂಗಿಯನ್ನೂ ತಗಡಿನ ಮೇಲೆ ಹತ್ತಿಸಿದ. ಅವ್ವ ಹಿಟ್ಟಿನ ಡಬ್ಬಿ ಮೇಲೆ ಕೊಟ್ಟಳು. ಆಮೇಲೆ ಅವಳು ಹತ್ತಿದಳು. ಬೆಳಿಗ್ಗೆ ಹಿಟ್ಟು ಮಾತ್ರ ಒಣಗಿತ್ತು.’

ನಾನು ‘ತಗಡು’ ಎಂಬುದನ್ನು ಹೊಡೆದು ‘ಛಾವಣಿ’ ಎಂದು ತಿದ್ದಿದೆ. ಮೊದಲ ವಾಕ್ಯದ ಮೇಲೆ ‘ವರುಣದೇವನು ಮುನಿದು ರುದ್ರನರ್ತನಗೈದನು’ ಎಂದು ಬರೆದೆ. ಕೆಳಗೆ ‘ಬಹಳ ಚಿಕ್ಕದಾಯಿತು, ವರ್ಣನೆ ಸಾಲದು’ ಎಂದು ಷರಾ ಹಾಕಿ ಹತ್ತಕ್ಕೆ ಮೂರು ಅಂಕ ಕೊಟ್ಟು, ತಿದ್ದಿದ ವಾಕ್ಯವನ್ನು ಐದು ಸಲ ಬರೆಯಬೇಕೆಂಬ ರೂಢಿಯ ಅಪ್ಪಣೆಯನ್ನೂ ಮಾಡಿದೆ.

ಅವನು ಐದು ಸಲ ಬರೆದು ತಂದನು. ಅದನ್ನು ನೋಡಿ ಸಹಿ ಹಾಕುವುದಕ್ಕಾಗಿ ವಹಿಯನ್ನು ಮನೆಗೆ ಒಯ್ದಿದ್ದೆ. ಅದೇ ರಾತ್ರಿ ಮೇಜಿನ ಮೇಲೆ ಕಾಲೇಜಿನ ನನ್ನ ಪುಟವೂ ಇತ್ತು. ನಾಲ್ಕು ತಿಂಗಳು ಹೆಣಗಿ, ಸುಂದರ ವಾಕ್ಯಗಳನ್ನೆಲ್ಲ ಒಂದೊಂದಾಗಿ ಉದುರಿಸಿ, ಕೊನೆಗೆ ನಾನು ಬರೆಯಲು ಕಲಿತದ್ದು ಏನಿತ್ತೋ ಅದಕ್ಕಿಂತ ಚೆನ್ನಾದುದು ಈ ಹುಡುಗನ ವಹಿಯಲ್ಲಿ ನನ್ನ ಕೆಂಪು ಮಸಿಯ ಕೆಳಗೆ ಬಿದ್ದಿತ್ತು. ಹಿಟ್ಟಿನ ಡಬ್ಬಿಯನ್ನು ಮೊದಲು ಕೊಟ್ಟು ಆಮೇಲೆ ತಾನು ಹತ್ತಿದ ತಾಯಿ! ನನ್ನ ಹನ್ನೆರಡು ವಾಕ್ಯಗಳಲ್ಲಿ ಅಂಥವಳು ಒಬ್ಬಳೂ ಇರಲಿಲ್ಲ. ಬಹಳ ಹೊತ್ತು ಹಾಗೆಯೇ ಕುಳಿತಿದ್ದೆ.

ಮರುದಿನ ಅವನನ್ನು ಕರೆದು, ‘ನಾನು ತಿದ್ದಿದ್ದು ತಪ್ಪು, ನೀನು ಬರೆದದ್ದೇ ಸರಿ’ ಎಂದೆನು. ಅವನು ನನ್ನ ಮುಖವನ್ನು ನೋಡಿ, ‘ಇಲ್ಲ ಸರ್, ನೀವು ಬರದದ್ದು ಭಾಳ ಚಂದ ಐತಿ’ ಎಂದನು. ಹತ್ತಕ್ಕೆ ಹತ್ತು ಎಂದು ಅಂಕವನ್ನು ಬದಲಿಸಿದೆ. ಅವನಿಗೆ ಸಂತೋಷವೇನೋ ಆಯಿತು, ಕಾರಣ ತಿಳಿದಂತೆ ಕಾಣಲಿಲ್ಲ. ಡಿಸೆಂಬರಿನ ಕಿರುಪರೀಕ್ಷೆಯಲ್ಲಿ ‘ನನ್ನ ತಾಯಿ’ ಎಂದು ಬರೆಯಲು ಹೇಳಿದಾಗ ಅವನ ಉತ್ತರದ ಮೊದಲ ಸಾಲು ‘ಮಾತೆಯು ಮಮತೆಯ ಮಹಾಸಾಗರವಾಗಿದ್ದಾಳೆ’ ಎಂದಿತ್ತು. ಅದು ನನ್ನದೇ ವಾಕ್ಯ. ಹಿಂದಿನ ವರ್ಷ ಹಲಗೆಯ ಮೇಲೆ ಬರೆದುಕೊಟ್ಟದ್ದು. ಹಿಟ್ಟಿನ ಡಬ್ಬಿ ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಇಷ್ಟರಲ್ಲಿ ನನ್ನ ಸತ್ರ ಮುಗಿದಿತ್ತು. ಪರೀಕ್ಷೆಯಲ್ಲಿ ತೇರ್ಗಡೆಯಾದೆ, ಹೇಳಿಕೊಳ್ಳುವಂಥ ಅಂಕಗಳೇನೂ ಬರಲಿಲ್ಲ. ಕಡೆಯ ಪುಟದಲ್ಲಿ ನಾನು ಈ ಹುಡುಗನ ಐದು ವಾಕ್ಯಗಳ ವಿಷಯವನ್ನೇ ಬರೆದಿದ್ದೆ. ಪ್ರಾಧ್ಯಾಪಕಿಯವರು ಒಂದು ಕಾಗುಣಿತವನ್ನು ತಿದ್ದಿ, ‘ಇದನ್ನು ನಿಮ್ಮ ಭಾಷೆಯಲ್ಲಿ ಬರೆಯಿರಿ’ ಎಂದು ಅಡಿಯಲ್ಲಿ ಗೀಚಿದ್ದರು. ಆಗಬಹುದೆಂದು ಅಂದೇ ಕುಳಿತೆನು. ಕನ್ನಡದಲ್ಲಿ ಲೇಖನಿ ಹಿಡಿದೊಡನೆ ಹಳೆಯ ಒಡವೆಗಳೆಲ್ಲ ‘ನಾ ಮುಂದೆ ತಾ ಮುಂದೆ’ ಎಂದು ಬಂದು ನಿಂತವು. ಮೊದಲ ಸಾಲು ‘ಕಾರ್ಮೋಡಗಳು ಕವಿದ ಕರಾಳರಾತ್ರಿಯದು’ ಎಂದಾಯಿತು. ಹರಿದೆ. ಮರುವರ್ಷ ಮತ್ತೆ ಕುಳಿತೆ, ಮತ್ತೆ ಹರಿದೆ. ತಾಯ್ನುಡಿಯಲ್ಲಿ ಸುಮ್ಮನೆ ಮಾತಾಡುವುದು ಅಷ್ಟು ಕಷ್ಟವೆಂದು ನಾನು ಎಣಿಸಿರಲಿಲ್ಲ. ಈಗಲೂ ಈ ಲೇಖನದಲ್ಲಿ ಒಂದೆರಡು ಕಡೆ ಅವು ನುಸುಳಿರಬಹುದು. ಕಂಡರೆ ಗೆರೆ ಎಳೆಯಿರಿ.

2020ರ ಮಾರ್ಚಿನಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ ಆ ತರಗತಿಯ ವಹಿಗಳು ನನ್ನ ಕಪಾಟಿನಲ್ಲಿಯೇ ಉಳಿದವು. ಆ ಹುಡುಗ ಮುಂದೆ ಹತ್ತನೆಯದನ್ನು ಮುಗಿಸಿ, ಈಗ ವಿದ್ಯುತ್ ಕೆಲಸವನ್ನು ಕಲಿಯುತ್ತಿದ್ದಾನೆ. ಕಳೆದ ದೀಪಾವಳಿಗೆ ಶಾಲೆಯ ಕಡೆ ಬಂದಿದ್ದನು; ನನಗಿಂತ ಎತ್ತರವಾಗಿದ್ದಾನೆ. ಕಪಾಟಿನಿಂದ ವಹಿಯನ್ನು ತೆಗೆದು ಆ ಪುಟವನ್ನು ತೋರಿಸಿದೆ. ಸಂಚಿಕೆಯಲ್ಲಿ ಬರೆಯಲೇ ಎಂದೂ ಕೇಳಿದೆ. ಅವನು ನಿಂತೇ ಓದಿದನು. ಕೆಂಪು ಮಸಿಯತ್ತ ನೋಡಲೇ ಇಲ್ಲ.

‘ಬರೀರಿ ಸರ್. ಆದರ ಇದು ತಪ್ಪೈತಿ’ ಎಂದು ಕಡೆಯ ಸಾಲಿನ ಮೇಲೆ ಬೆರಳಿಟ್ಟನು. ‘ಹಿಟ್ಟೂ ತೊಯ್ದಿತ್ತು. ಡಬ್ಬಿಯ ತಳದಾಗ ನೀರು ಹೋಗಿತ್ತು. ಮ್ಯಾಲಿಂದಷ್ಟ ತಗದು ಅವ್ವ ರೊಟ್ಟಿ ಮಾಡಿದ್ಲು. ಉಳಿದದ್ದು ಬಾಜೂ ಮನಿಯವರ ಆಡಿಗೆ ಹಾಕಿದ್ವಿ.’

ನಾನು ಕಿಸೆಯಿಂದ ಪೆನ್ನು ತೆಗೆದು ಅವನ ಕೈಗೆ ಕೊಟ್ಟೆನು.