ಜೀಪಿನ ಸುಳಿ ನೋಡುವವರು

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತನು ಮೊದಲು ಹಲ್ಲು ನೋಡಿ ವಯಸ್ಸನ್ನು ಎಣಿಸುತ್ತಾನೆ. ಆಮೇಲೆ ಸುಳಿ ನೋಡುತ್ತಾನೆ. ಕೊನೆಗೆ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕೊಂಬಿಗೆ ಬಳಿದ ಬಣ್ಣಕ್ಕೆ ಮರುಳಾಗಿ ಹಣ ಬಿಚ್ಚಿದವನನ್ನು ಊರು ಬಹುಕಾಲ ಮರೆಯುವುದಿಲ್ಲ. ಮಲೆನಾಡಿನ ಕಾಫಿ ತೋಟಗಳ ಸೀಮೆಯಲ್ಲಿ ಹಳೆಯ ಜೀಪು ಕೊಳ್ಳುವ ವ್ಯವಹಾರವೂ ಹೆಚ್ಚುಕಡಿಮೆ ಹೀಗೆಯೇ. ಅಲ್ಲಿಯೂ ಹಲ್ಲು ಉಂಟು, ಸುಳಿ ಉಂಟು. ಬಣ್ಣಕ್ಕೆ ಮರುಳಾಗುವವರಿಗಂತೂ ಬರವಿಲ್ಲ.

ಪೇಟೆಯ ಗೃಹಸ್ಥರಿಗೆ ಈ ಹಳೆಯ ವಾಹನದ ಮೇಲಿನ ವ್ಯಾಮೋಹ ಅರ್ಥವಾಗುವುದು ಕಷ್ಟ. ಕುಳಿತರೆ ಬೆನ್ನು ನೋವು, ಮಳೆ ಬಂದರೆ ಮೈಯೆಲ್ಲ ಒದ್ದೆ, ಮಾತನಾಡಬೇಕಾದರೆ ಕೂಗಬೇಕು. ಆದರೆ ಡಾಂಬರು ರಸ್ತೆ ಮುಗಿದು ಮನೆಗೆ ಇನ್ನೂ ಎರಡು ಮೈಲಿ ಇರುವವರ ಲೆಕ್ಕ ಬೇರೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಆ ಎರಡು ಮೈಲಿ ದಾರಿಯಲ್ಲ, ಕೆಸರಿನ ಕಾಲುವೆ. ಅಲ್ಲಿ ಅಂದಚೆಂದದ ಕಾರು ಹಿಂದಿರುಗಬೇಕು, ಇಲ್ಲವೆ ಹೂತುಕೊಳ್ಳಬೇಕು.

ಜೀಪು ಹುಟ್ಟಿದ್ದೇ ಕೆಸರಿಗಾಗಿ. ಎರಡನೆಯ ಮಹಾಯುದ್ಧದ ಕಾಲ, 1940ರಲ್ಲಿ, ಅಮೆರಿಕದ ಬ್ಯಾಂಟಮ್ ಎಂಬ ಸಣ್ಣ ಕಂಪೆನಿ ಮೊದಲ ಮಾದರಿಯನ್ನು ಸಿದ್ಧಪಡಿಸಿತು. ಅನಂತರ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ನಮ್ಮ ದೇಶದಲ್ಲಿ 1947ರಲ್ಲಿ ಮಹೀಂದ್ರ ಸಂಸ್ಥೆಯವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳ ಭಾಗಗಳನ್ನು ಜೋಡಿಸಲಾರಂಭಿಸಿದರು. ಮುಂದೆ ಪೆಟ್ರೋಲ್ ಎಂಜಿನ್ ಹೋಗಿ ಡೀಸೆಲ್ ಬಂದಿತು. 1980ರ ದಶಕದ ಎಂ.ಎಂ. 540 ಇಂದಿಗೂ ಮಲೆನಾಡಿಗರ ಅಚ್ಚುಮೆಚ್ಚು. ಎಂಜಿನ್ ಬದಲಾದರೂ ಮುಖಲಕ್ಷಣ ಅಜ್ಜನದೇ.

ಇದರ ಬಲವೆಲ್ಲ ಗೇರಿನ ಪಕ್ಕದ ಎರಡು ಕಿರುಗೋಲುಗಳಲ್ಲಿದೆ. ಒಂದು, ಮುಂದಿನ ಚಕ್ರಗಳಿಗೂ ಎಂಜಿನ್ನಿನ ಶಕ್ತಿಯನ್ನು ಹಂಚುತ್ತದೆ. ಇನ್ನೊಂದು, ವೇಗವನ್ನು ತಗ್ಗಿಸಿ ಎಳೆಯುವ ಬಲವನ್ನು ಹೆಚ್ಚಿಸುತ್ತದೆ. ಹಿಂದಿನ ಚಕ್ರಗಳು ಕೆಸರನ್ನು ತೋಡುತ್ತ ನಿಂತಾಗ ಮುಂದಿನವು ಎಳೆದುಕೊಂಡು ಏರುತ್ತವೆ. ಆದರೆ ಒಣ ಡಾಂಬರಿನ ಮೇಲೆ ಈ ಉಪಾಯ ಸಲ್ಲದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕು. ಕೆಸರಾದರೆ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಡಾಂಬರು ಜಾರಗೊಡದೆ ಹಲ್ಲುಚಕ್ರಗಳನ್ನು ಹಿಂಡುತ್ತದೆ. ಹಿಂದಿನ ಯಜಮಾನನಿಗೆ ಈ ವಿವೇಕವಿತ್ತೋ ಇಲ್ಲವೋ ಎಂಬುದನ್ನು ಹಳೆಯ ಜೀಪಿನ ಕರಕರ ಸದ್ದೇ ಹೇಳುತ್ತದೆ.

ಮೂಡಿಗೆರೆ ಸೀಮೆಯ ಸಣ್ಣ ತೋಟದ ಯಜಮಾನರೊಬ್ಬರು ಇಂಥ ವ್ಯಾಪಾರಕ್ಕೆ ಹೊರಟರು. ಜೊತೆಗೆ ಬೆಂಗಳೂರಿನಲ್ಲಿ ಓದುವ ಮಗ. ಸಲಹೆಗೆ ರಿಪೇರಿಯ ಮೇಸ್ತ್ರಿ. ಮೊದಲು ಕಂಡ ಜೀಪು ಮದುವಣಿಗನಂತೆ ಶೃಂಗಾರಗೊಂಡಿತ್ತು: ಕೆಂಪು ಬಣ್ಣ, ಅಗಲವಾದ ಟೈರು, ಮುಂಭಾಗದಲ್ಲಿ ನಾಲ್ಕು ದೀಪ. ಮಗ ಆಗಲೇ ಅದರೊಳಗೆ ಕುಳಿತಿದ್ದ. ಮೇಸ್ತ್ರಿ ಗೋಣಿತಾಟು ಹಾಸಿ ಕೆಳಗೆ ತೂರಿ ಹೊರಬಂದ.

“ಗೌಡ್ರೇ, ಗೋಲುಗಳೇನೋ ಎರಡೂ ಇವೆ. ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಷಾಫ್ಟೇ ಇಲ್ಲ. ಕಳಚಿ ಮಾರಿದ್ದಾರೆ.”

ಪುಸ್ತಕ ತೆರೆದರೆ ಅದರಲ್ಲಿ ಬರೆದ ಎಂಜಿನ್ನೇ ಬೇರೆ, ಜೀಪಿನೊಳಗಿದ್ದುದೇ ಬೇರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ ಇಂಥ ಮನಬಂದ ಮಾರ್ಪಾಟನ್ನು ಒಪ್ಪುವುದಿಲ್ಲ. ಖಾಸಗಿ ವಾಹನದ ನೋಂದಣಿಗೆ ಹದಿನೈದು ವರ್ಷದ ಆಯುಸ್ಸು. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಡ್ಡಿ ನವೀಕರಿಸಬೇಕು. ಕಾಗದಪತ್ರ ಸರಿಯಿಲ್ಲದ ಜೀಪು ಎಷ್ಟು ಚೆನ್ನಾಗಿ ಓಡಿದರೂ ಅಲ್ಲಿಗೆ ನಿಂತಿತು.

ಎರಡನೆಯದು ಮಂಕು ಹಸಿರು, ಟಾರ್ಪಾಲು ಹರಿದಿತ್ತು, ಕೆಳಗೆ ಎಣ್ಣೆಯ ಕಲೆ.

“ಸೋರುತ್ತದಲ್ಲಯ್ಯಾ?” ಎಂದರು ಯಜಮಾನರು.

“ಸೋರಿದರೆ ಒಳಗೆ ಎಣ್ಣೆ ಇದೆ ಎಂದಾಯಿತು. ಅದಕ್ಕೆ ಮದ್ದುಂಟು. ಚಾಸಿ ಬಿರುಕು ಬಿಟ್ಟಿದ್ದರೆ ನಾನು ಕೈಮುಗಿಯುತ್ತಿದ್ದೆ.”

ಚಾಸಿಯ ಮೇಲೆ ಕೆತ್ತಿದ ಸಂಖ್ಯೆ ಪುಸ್ತಕದೊಡನೆ ಹೊಂದಿತು. ಸ್ಪ್ರಿಂಗ್ ಕಚ್ಚಿದ ಕಡೆಗಳಲ್ಲಿ ತುಕ್ಕು ಒಳಗಿಳಿದಿರಲಿಲ್ಲ. ಕೆಸರು ಗದ್ದೆಗೆ ಇಳಿಸಿ ನೋಡಿದರೆ ನಾಲ್ಕು ಚಕ್ರವೂ ಎಳೆದವು. ವ್ಯಾಪಾರ ಕುದುರಿತು. ಮಗನ ಮುಖ ಮಾತ್ರ ಗಂಟಿಕ್ಕಿಯೇ ಇತ್ತು. ಮನೆಯಾಕೆಯೂ ಅಂಗಳಕ್ಕೆ ಬಂದು ನೋಡಿ, “ಇದಕ್ಕೆ ಇಷ್ಟು ಹಣವೇ?” ಎಂದರು.

ಆಷಾಢದ ಒಂದು ರಾತ್ರಿ ಕೂಲಿ ಲೈನಿನಿಂದ ಕೂಗು ಬಂದಿತು. ತುಂಬಿದ ಗರ್ಭಿಣಿಗೆ ನೋವು ಹತ್ತಿತ್ತು. ಹೊರಗೆ ಬಿಡದ ಮಳೆ. ಆಂಬುಲೆನ್ಸು ಡಾಂಬರಿನವರೆಗೆ ಮಾತ್ರ ಬಂದೀತು. ಮನೆಯಾಕೆಯೇ ಕಂಬಳಿ, ಬಿಸಿನೀರು ಹಿಡಿದು ಹಿಂದೆ ಹತ್ತಿದರು. ಮಗ ಟಾರ್ಚು ಹಿಡಿದು ಮುಂದೆ ಕುಳಿತ. ಕೊನೆಯ ಏರಿನಲ್ಲಿ ಹಿಂದಿನ ಚಕ್ರಗಳು ತಿರುಗಿ ತಿರುಗಿ ನಿಂತವು. ಯಜಮಾನರು ಎರಡೂ ಗೋಲುಗಳನ್ನು ಎಳೆದರು. ಜೀಪು ನಡುಗಿತು, ನರಳಿತು, ಮೆಲ್ಲಗೆ ಏರಿತು. ಬೆಳಗಿನ ಜಾವ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು, ತಾಯಿಯೂ ಕ್ಷೇಮ.

ಆ ಏರಿನಲ್ಲಿ ಕೆಂಪು ಜೀಪಿದ್ದಿದ್ದರೆ ಏನಾಗುತ್ತಿತ್ತೆಂದು ಮನೆಯಲ್ಲಿ ಯಾರೂ ಆಡಿ ತೋರಿಸಲಿಲ್ಲ. ಮರುದಿನ ಮಗ ತಾನಾಗಿಯೇ ಬಕೆಟ್ಟು ಹಿಡಿದು ಚಕ್ರಗಳ ಕೆಸರು ತೊಳೆದ. ತಂದೆ ಗ್ರೀಸು ತುಂಬಿದರು. ಹಳೆಯ ಜೀಪಿನ ಬೆಲೆ ಕೊಂಡ ದಿನಕ್ಕೆ ತೀರುವುದಿಲ್ಲ; ಈ ತೊಳೆಯುವುದು, ಗ್ರೀಸು ತುಂಬುವುದು, ಬ್ರೇಕು ಬಿಗಿಸುವುದು, ಎಲ್ಲವೂ ಅದರ ಕಂತುಗಳು. ತಪ್ಪದೆ ಕಂತು ಕಟ್ಟಿದವನ ಮನೆಬಾಗಿಲಿಗೇ ಮಳೆಗಾಲದ ರಾತ್ರಿ ನೆರೆಹೊರೆಯವರು ಬಂದು ಕೂಗುತ್ತಾರೆ.